ನಾಲ್ಕೂರ ದವಾಖಾನೆಯ ಯಜಮಾನ ಪೆಟ್ಟಿಗೆ

ಬೆಟಗೇರಿ ದಾಟಿ ಸ್ವಲ್ಪ ಮುಂದೆ ಹೋದರೆ ರಸ್ತೆಯ ಎಡಕ್ಕೆ ಒಂದು ದುಂಡನೆಯ ಬೋರ್ಡು ಕಾಣುತ್ತದೆ. ಎಲ್ಲ ಆಸ್ಪತ್ರೆಗಳ ಬೋರ್ಡೂ ಚೌಕವಾಗಿರುವಾಗ ಇದೊಂದು ಯಾಕೆ ದುಂಡಗೆ ಎಂದು ಹೊಸಬರು ಕೇಳುತ್ತಾರೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ಹೆಸರುಗಳನ್ನು ಅದರ ಅಂಚಿನ ಸುತ್ತ ಬರೆದಿದ್ದಾರೆ. ಚೌಕದ ಬೋರ್ಡಿನಲ್ಲಿ ಬರೆದರೆ ಯಾವುದಾದರೂ ಒಂದು ಊರು ಮೊದಲು ಬರಲೇಬೇಕು. ದುಂಡಗೆ ಬರೆದರೆ ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಓದುವವರ ಕುತ್ತಿಗೆ ಉಳುಕುತ್ತದೆ ಅಷ್ಟೆ, ಅದಕ್ಕೂ ಒಳಗೆ ಡಾಕ್ಟರಿದ್ದಾರೆ.

ಈ ನಾಲ್ಕು ಊರಿನ ನಾಲ್ವರು ದೊಡ್ಡ ಮನುಷ್ಯರು ಸೇರಿ ಕಟ್ಟಿಸಿದ ಧರ್ಮಾರ್ಥ ಆಸ್ಪತ್ರೆ ಇದು. ಜನ ‘ನಾಲ್ಕೂರ ದವಾಖಾನಿ’ ಅನ್ನುತ್ತಾರೆ. ಅಂಗಳದ ಸುತ್ತ ನಾಲ್ಕು ಕಟ್ಟಡ, ಒಂದೊಂದಕ್ಕೂ ಒಂದೊಂದು ಊರಿನ ಹೆಸರು. ಶಿರಹಟ್ಟಿಯವರು ತಮ್ಮ ಕಟ್ಟಡದ ಮೇಲೆ ನೀರಿನ ಟಾಕಿಯನ್ನು ಎತ್ತರಿಸಿ ಕೂರಿಸಿದ್ದೇ ತಡ, ಉಳಿದ ಮೂವರೂ ಟಾಕಿ ಎತ್ತರಿಸಿದರು. ಕೆಳಗಿನ ನಳದಲ್ಲಿ ನೀರಿಲ್ಲದಿದ್ದರೂ ಮೇಲಿನ ಟಾಕಿಗಳು ಒಂದೇ ಎತ್ತರದಲ್ಲಿವೆ. ಸಮಾರಂಭ ಬಂದರೆ ಗದಗಿನ ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆ ನಾಲ್ಕು ಥರ ಅಚ್ಚಾಗುತ್ತದೆ. ಮುಂಡರಗಿಗೆ ಹೋಗುವ ಪತ್ರಿಕೆಯಲ್ಲಿ ಮುಂಡರಗಿಯವರ ಹೆಸರು ಮೇಲೆ, ಲಕ್ಷ್ಮೇಶ್ವರಕ್ಕೆ ಹೋಗುವುದರಲ್ಲಿ ಲಕ್ಷ್ಮೇಶ್ವರದವರದು. ಈ ನಾಲ್ವರಿಗೂ ಸ್ವಂತ ಹೆಸರುಗಳಿವೆ, ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಊರ ಹೆಸರಿನಿಂದಲೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ.

ನಾನು ವನಿತಾ, ಬೆಟಗೇರಿಯವಳು. ನಾಲ್ಕೂ ಕಟ್ಟಡಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ತಂತಿ ಮತ್ತು ಪೆಟ್ಟಿಗೆಗಳ ಉಸ್ತುವಾರಿ ನನ್ನದು. ಸಿಟ್ಟು ಸ್ವಲ್ಪ ಜಾಸ್ತಿ ಎಂದು ಮನೆಯಲ್ಲಿ ಹೇಳುತ್ತಾರೆ. ಈ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಮೇಲೂ ಸಿಟ್ಟು ಬರದವರಿದ್ದರೆ ಅವರನ್ನು ಒಳರೋಗಿಯಾಗಿ ದಾಖಲು ಮಾಡಿಕೊಳ್ಳಬೇಕು.

ಸಿಟ್ಟು ಬಂದಾಗ ನಾನು ಹೋಗಿ ಕೂರುತ್ತಿದ್ದದ್ದು ಖಾಲಾ, ಅಂದರೆ ಚಿಕ್ಕಮ್ಮ, ಎಂದು ನಾನು ಕರೆಯುವ ರಸೂಲಬಿಯ ಚಹಾದಂಗಡಿಯಲ್ಲಿ. ಅಂಗಳದ ನಡುವೆ ಬೇವಿನ ಮರದ ಕೆಳಗೆ ಅವಳ ಅಂಗಡಿ. ಎಡಗೈಯಲ್ಲಿ ಸೋಸುವ ಬಟ್ಟೆ, ಬಲಗೈಯಲ್ಲಿ ಕೆಟಲು ಹಿಡಿದು, ಎತ್ತರದಿಂದ ಒಂದು ಹನಿ ಹೊರಗೆ ಬೀಳದಂತೆ ಲೋಟಕ್ಕೆ ಸುರಿಯುತ್ತಿದ್ದಳು. ಹೋದ ಬೇಸಿಗೆಯಲ್ಲಿ ಒಂದು ದಿನ ಆ ಬಲಗೈ ಇದ್ದಕ್ಕಿದ್ದಂತೆ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಯಿತು. ಗದಗ ಕಟ್ಟಡದಲ್ಲಿ ಕೂರುವ ನರರೋಗದ ಡಾಕ್ಟರು ರೋಜಾ ಮೇಡಂ ಅವಳನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಇದು ಲಕ್ವಾದ ಮುನ್ಸೂಚನೆ, ಇನ್ನೊಮ್ಮೆ ಹೀಗಾದರೆ ಕುಳಿತು ನೋಡಬಾರದು, ತಕ್ಷಣ ತಲೆಯ ಸ್ಕ್ಯಾನ್ ಆಗಬೇಕು. ಒಳಗೆ ರಕ್ತ ಕಟ್ಟಿದೆಯೋ ಒಡೆದಿದೆಯೋ ಅದರಲ್ಲಿ ಗೊತ್ತಾಗುತ್ತದೆ. ಕಟ್ಟಿದ್ದರೆ ಒಂದು ಇಂಜೆಕ್ಷನ್ ಇದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಕೈ ಉಳಿಯುತ್ತದೆ. ಒಡೆದಿದ್ದಾಗ ಅದೇ ಇಂಜೆಕ್ಷನ್ ಕೊಟ್ಟರೆ ಜೀವವೇ ಹೋಗುತ್ತದೆ. ಹಾಗಾಗಿ ಸ್ಕ್ಯಾನಿನ ಚಿತ್ರ ನೋಡದೆ ಯಾವ ಡಾಕ್ಟರೂ ಸೂಜಿ ಹಿಡಿಯುವುದಿಲ್ಲ.

ಸ್ಕ್ಯಾನ್ ಯಂತ್ರ ಇರುವುದು ಮುಂಡರಗಿ ಕಟ್ಟಡದಲ್ಲಿ, ಡಾಕ್ಟರು ಇರುವುದು ಗದಗ ಕಟ್ಟಡದಲ್ಲಿ. ಚಿತ್ರ ತಂತಿಯ ಮೂಲಕ ಬಂದು ಡಾಕ್ಟರ ಟೇಬಲ್ಲಿನ ಪರದೆಯಲ್ಲಿ ಕಾಣುತ್ತದೆ. ರಸೂಲಬಿಗೆ ಇದರಿಂದ ದೊಡ್ಡ ಧೈರ್ಯ ಬಂದಿತ್ತು.

“ನನಗೇನ ಚಿಂತಿಲ್ಲ ಬಿಡವ್ವಾ,” ಎಂದಳು. “ಈ ಕಡಿ ಸ್ಕ್ಯಾನು, ಆ ಕಡಿ ಡಾಕ್ಟ್ರು, ನಡಕ ನಾನು. ನಡಕಿನ ತಂತಿ ನೀ ನೋಡಕೊಂತಿ.”

ತಂತಿಯನ್ನು ನಾನು ಚೆನ್ನಾಗಿಯೇ ನೋಡಿಕೊಂಡಿದ್ದೆ. ಪ್ರತಿ ಕಟ್ಟಡದಲ್ಲೂ ಬ್ರಿಡ್ಜ್ ಅನ್ನುವ ಒಂದು ಪೆಟ್ಟಿಗೆ ಇದೆ. ಕಟ್ಟಡದ ಕಂಪ್ಯೂಟರುಗಳೆಲ್ಲ ಅದಕ್ಕೆ ಸೇರುತ್ತವೆ. ನಾಲ್ಕು ಪೆಟ್ಟಿಗೆಗಳನ್ನು ಉಂಗುರದ ಹಾಗೆ ಸುತ್ತ ಜೋಡಿಸಿದ್ದೇನೆ. ಒಂದು ಕಡೆ ಇಲಿ ತಂತಿ ಕಡಿದರೆ ಇನ್ನೊಂದು ಕಡೆಯಿಂದ ದಾರಿ ಸಿಗಲಿ ಎಂದು. ಆದರೆ ಉಂಗುರದಲ್ಲಿ ಒಂದು ಅಪಾಯ ಇದೆ. ಎಲ್ಲ ದಾರಿಯೂ ತೆರೆದಿದ್ದರೆ ಒಮ್ಮೆ ಹೊರಟ ಸಂದೇಶ ನಿಲ್ಲದೆ ಸುತ್ತುತ್ತಲೇ ಇರುತ್ತದೆ, ನಮ್ಮ ಟ್ರಸ್ಟಿನ ಸಭೆಯ ಹಾಗೆ. ಅದಕ್ಕೇ ಪೆಟ್ಟಿಗೆಗಳು ತಮ್ಮೊಳಗೆ ಒಂದನ್ನು ಮುಖ್ಯ ಎಂದು ಆರಿಸಿಕೊಂಡು, ಅದಕ್ಕೆ ಮುಟ್ಟುವ ಹತ್ತಿರದ ದಾರಿಗಳನ್ನಷ್ಟೇ ತೆರೆದಿಟ್ಟು, ಹೆಚ್ಚಿನದೊಂದನ್ನು ಮುಚ್ಚಿಡುತ್ತವೆ. ಯಾವುದು ಮುಖ್ಯ ಎನ್ನುವುದಕ್ಕೆ ಒಂದು ಸಂಖ್ಯೆ ಇದೆ, ಅದಕ್ಕೆ ಪ್ರಯಾರಿಟಿ ಎನ್ನುತ್ತಾರೆ. ಯಾರ ಸಂಖ್ಯೆ ಸಣ್ಣದೋ ಅದೇ ಮುಖ್ಯ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಬರೆದು ಅದನ್ನು ಕೊಡಬೇಕು. ದೊಡ್ಡ ಕಂಪ್ಯೂಟರು, ಡಾಕ್ಟರು ಎರಡೂ ಗದಗ ಕಟ್ಟಡದಲ್ಲಿ ಇರುವುದರಿಂದ ಅಲ್ಲಿನ ಪೆಟ್ಟಿಗೆಗೆ ೪೦೯೬ ಕೊಟ್ಟಿದ್ದೆ. ಉಳಿದವು ಕಂಪನಿಯಿಂದ ಬಂದಾಗ ಇರುವ ೩೨೭೬೮ರಲ್ಲೇ ಇದ್ದವು. ಸ್ಕ್ಯಾನಿನ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಎಲ್ಲವೂ ಸರಿಯಾಗಿತ್ತು, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಸಿದವರು ನಮ್ಮ ಮ್ಯಾನೇಜರು ಸುಭಾಷ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ವಿವರಿಸುವ ಚಟ. ವರ್ಷದ ಸಭೆಯಲ್ಲಿ ಟ್ರಸ್ಟಿಗಳಿಗೆ ನೆಟ್ವರ್ಕ್ ಅಂದರೇನು ಎಂದು ತಿಳಿಸಲು ಅವರು ಒಂದು ಚಿತ್ರ ಬರೆಸಿ ಗೋಡೆಯ ಮೇಲೆ ತೋರಿಸಿದರು. ಮೇಲೆ ಗದಗ ಕಟ್ಟಡ, ಕೆಳಗೆ ಲಕ್ಷ್ಮೇಶ್ವರ, ಅದರ ಕೆಳಗೆ ಶಿರಹಟ್ಟಿ, ಎಲ್ಲಕ್ಕಿಂತ ಕೆಳಗೆ ಮುಂಡರಗಿ. ಮುಂಡರಗಿಯ ಹಿಂಬದಿಯ ತಂತಿಯ ಮೇಲೆ ಕೆಂಪು ಗುಣಾಕಾರ ಚಿಹ್ನೆ. ಇದು ಕೂಡುಕುಟುಂಬ ಇದ್ದಂತೆ, ಗದಗಿನ ಪೆಟ್ಟಿಗೆ ಮನೆಯ ಯಜಮಾನ, ಉಳಿದವೆಲ್ಲ ಅವನ ಮಾತು ಕೇಳುತ್ತವೆ ಎಂದು ಅವರು ಬಹಳ ಖುಷಿಯಿಂದ ಹೇಳಿದರು. ನಾನು ಮೂಲೆಯಲ್ಲಿ ಕುಳಿತಿದ್ದೆ. ಸಾಹೇಬರ ಬಾಯಿಗೆ ಕೈ ಅಡ್ಡ ಹಿಡಿಯಲು ಆಗದಷ್ಟು ದೂರದಲ್ಲಿದ್ದೆ.

ಮೊದಲು ಮಾತಾಡಿದವರು ಲಕ್ಷ್ಮೇಶ್ವರದವರು.

“ನಾವೇನ ಗದಗಿನವ್ರ ಮನ್ಯಾಗ ಬಾಡಿಗಿ ಇದ್ದೀವೇನ?”

ಅಲ್ಲಿಂದ ಮುಂದೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮುಂಡರಗಿಯವರು ತಮ್ಮ ಹಿತ್ತಲ ಬಾಗಿಲಿಗೆ ಕೆಂಪು ಗೀಟು ಹಾಕಿದವರು ಯಾರು ಎಂದು ಕೇಳಿದರು. ಶಿರಹಟ್ಟಿಯವರು ತಾವು ಲಕ್ಷ್ಮೇಶ್ವರದ ಕೆಳಗೆ ಇರುವುದನ್ನು ಬೆರಳಿಟ್ಟು ತೋರಿಸಿ, ತಾಲ್ಲೂಕಿನ ಇತಿಹಾಸವನ್ನೇ ಹೇಳಲು ಶುರು ಮಾಡಿದರು. ಗದಗದವರು ಮಾತ್ರ ಏನೂ ಆಗಿಲ್ಲವೆಂಬಂತೆ ಮೀಸೆ ಸವರಿಕೊಂಡು ಕುಳಿತಿದ್ದರು. ಆ ಮೀಸೆಯೇ ಉಳಿದ ಮೂವರನ್ನು ಇನ್ನಷ್ಟು ಕೆಣಕಿತು.

ನನ್ನನ್ನು ಕರೆದು ಸಂಖ್ಯೆಯ ವಿಷಯ ಕೇಳಿದರು. ಸಣ್ಣ ಸಂಖ್ಯೆಗೆ ಯಜಮಾನಿಕೆ ಎಂದು ಗೊತ್ತಾದ ಮೇಲೆ ಲಕ್ಷ್ಮೇಶ್ವರದವರು ತಮಗೆ ಒಂದು ಸಾಕು ಎಂದರು. ಶಿರಹಟ್ಟಿಯವರು ಸೊನ್ನೆ ಕೇಳಿದರು. ಸೊನ್ನೆಗಿಂತ ಕೆಳಗೆ ಏನಾದರೂ ಸಿಗುತ್ತದೆಯೇ ಎಂದು ಮುಂಡರಗಿಯವರು ವಿಚಾರಿಸಿದರು. ನಮ್ಮ ದೊಡ್ಡ ಮನುಷ್ಯರು ಸಣ್ಣವರಾಗಲು ಜಗಳಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಖ್ಯೆ ನಾಲ್ಕು ಸಾವಿರದ ತೊಂಬತ್ತಾರರ ಮಗ್ಗಿಯಲ್ಲೇ ಇರಬೇಕು, ಅದೂ ಡಾಕ್ಟರು ಮತ್ತು ದೊಡ್ಡ ಕಂಪ್ಯೂಟರು ಇರುವ ಕಡೆಯೇ ಸಣ್ಣ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಸ್ಕ್ಯಾನಿನ ಚಿತ್ರ ಊರೆಲ್ಲ ಸುತ್ತಿ ಬರುತ್ತದೆ ಎಂದು ಹೇಳಿದೆ. ಹಾಗಾದರೆ ಡಾಕ್ಟರನ್ನೇ ನಮ್ಮ ಕಟ್ಟಡಕ್ಕೆ ಕಳಿಸಿ ಎಂದು ಮೂವರೂ ಒಟ್ಟಿಗೆ ಹೇಳಿದರು. ಆ ಸಭೆಯಲ್ಲಿ ಮೂವರೂ ಒಪ್ಪಿದ ಮಾತು ಅದೊಂದೇ.

ಪಾಳಿಯ ಮೇಲೆ ಯಜಮಾನಿಕೆ ಮಾಡೋಣ ಎಂದು ಸುಭಾಷ ಸಾಹೇಬರು ಸೂಚಿಸಿದರು. ಮೊದಲ ಪಾಳಿ ಯಾರದು ಎಂಬಲ್ಲಿಗೆ ಅದು ನಿಂತಿತು. ಚೀಟಿ ಎತ್ತೋಣ ಎಂದಾಗ ಚೀಟಿ ಎತ್ತುವ ಕೈ ಯಾವ ಊರಿನದು ಎಂಬ ಪ್ರಶ್ನೆ ಬಂತು.

ಕೊನೆಗೆ ದಾರಿ ತೋರಿಸಿದವರು ಗದಗದವರು. ಈ ನಾಲ್ವರ ಮನೆತನಗಳಲ್ಲಿ ಮದುವೆಯಾದರೆ ಮಾನದ ಎಲೆಅಡಿಕೆ ಕೊಡುವುದಕ್ಕೆ ಒಂದು ಪದ್ಧತಿ ಇದೆ. ಹಿಂದೆಂದೋ ಒಬ್ಬರಿಗೆ ಮೊದಲು ಕೊಟ್ಟು, ಇನ್ನೊಬ್ಬರು ಉಣ್ಣದೆ ಎದ್ದು ಹೋಗಿದ್ದರಂತೆ. ಆಮೇಲಿನಿಂದ ನಾಲ್ವರು ನಾಲ್ಕು ತಟ್ಟೆ ಹಿಡಿದು ನಿಲ್ಲುತ್ತಾರೆ. ಭಟ್ಟರು ತಲೆ ಅಲ್ಲಾಡಿಸಿದ ಕೂಡಲೇ ನಾಲ್ಕೂ ತಟ್ಟೆ ನಾಲ್ವರ ಮುಂದೆ ಒಂದೇ ಸಲಕ್ಕೆ ಇಳಿಯುತ್ತವೆ. ಪೆಟ್ಟಿಗೆಗಳಿಗೂ ಹಾಗೇ ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟರೆ ತಕರಾರೇ ಇಲ್ಲವಲ್ಲ ಎಂದರು.

ಎಲ್ಲಕ್ಕೂ ಒಂದೇ ಸಂಖ್ಯೆ ಇದ್ದರೆ ಯಂತ್ರ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ ಎಂದು ನಾನು ಹೇಳಿದೆ. ಕಾರ್ಖಾನೆಯಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಹುಟ್ಟುಗುರುತು ಬರೆದಿರುತ್ತಾರೆ, ಅದು ಯಾವುದರಲ್ಲಿ ಸಣ್ಣದೋ ಅದು ಗೆಲ್ಲುತ್ತದೆ. ನಮ್ಮಲ್ಲಿ ಆ ಗುರುತು ಸಣ್ಣದಿರುವುದು ಎಲ್ಲಕ್ಕಿಂತ ಹಳೆಯ ಪೆಟ್ಟಿಗೆಯಲ್ಲಿ.

“ಆ ಹಳೇದು ಯಾರ ಬಿಲ್ಡಿಂಗಿನ್ಯಾಗ ಐತಿ?” ಎಂದು ಶಿರಹಟ್ಟಿಯವರು ಕಣ್ಣು ಸಣ್ಣ ಮಾಡಿ ಕೇಳಿದರು.

“ನಿಮ್ಮ ನಾಕರಾಗ ಯಾವುದ್ರಾಗೂ ಇಲ್ರಿ. ಅದು—”

ಮುಂದಿನ ಮಾತು ಯಾರಿಗೂ ಬೇಕಾಗಿರಲಿಲ್ಲ. ನಾಲ್ವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಿರಮಿಟ್ಟು, ಮಿರ್ಚಿ ಬಂತು. ಈ ಜಿಲ್ಲೆಯಲ್ಲಿ ಮಿರ್ಚಿ ಬಂದ ಮೇಲೆ ಯಾವ ಎಚ್ಚರಿಕೆಯನ್ನೂ ಯಾರೂ ಕೇಳಿಸಿಕೊಂಡದ್ದಿಲ್ಲ.

ಆ ಹಳೆಯ ಪೆಟ್ಟಿಗೆ ಇದ್ದದ್ದು ಶವಾಗಾರದಲ್ಲಿ. ಆಸ್ಪತ್ರೆ ಶುರುವಾದಾಗ ಮೊದಲು ಕೊಂಡದ್ದು ಅದು. ಅದರ ಮೇಲೆ ಯಾವ ದಾನಿಯ ಹೆಸರೂ ಇಲ್ಲದ್ದರಿಂದ ಹೊಸ ಕಟ್ಟಡಗಳು ಎದ್ದಾಗ ಯಾರೂ ಅದನ್ನು ಒಳಗೆ ಸೇರಿಸಲಿಲ್ಲ. ಮುಂಡರಗಿ ಕಟ್ಟಡದಿಂದ ಗದಗ ಕಟ್ಟಡಕ್ಕೆ ಹಿಂಬದಿಯಿಂದ ಎಳೆದ ತಂತಿ ಒಂದೇ ಏಟಿಗೆ ಮುಟ್ಟಲಿಲ್ಲ, ನಡುವೆ ಒಂದು ಪೆಟ್ಟಿಗೆ ಬೇಕಾಯಿತು. ನಡುವೆ ಇದ್ದದ್ದು ಶವಾಗಾರ. ಅಲ್ಲಿ ಅದನ್ನು ಗೋಡೆಗೆ ಸಿಕ್ಕಿಸಿ, ಕಾವಲಿನ ಕ್ಯಾಮೆರಾಕ್ಕೂ ಅದರಿಂದಲೇ ತಂತಿ ಕೊಟ್ಟಿದ್ದೆವು. ತೀರಾ ನಿಧಾನದ ಪೆಟ್ಟಿಗೆ. ಅಲ್ಲಿಯವರಿಗೆ ಅವಸರವೂ ಇರಲಿಲ್ಲ. ಹಿಂಬದಿಯ ಆ ದಾರಿ ಅಲ್ಲಿಯವರೆಗೆ ಮುಚ್ಚಿಯೇ ಇತ್ತು, ಕೆಂಪು ಗೀಟು ಬಿದ್ದದ್ದು ಅದರ ಮೇಲೆಯೇ.

ಸಭೆಯ ಠರಾವಿನಂತೆ ನಾನು ಗದಗಿನ ಪೆಟ್ಟಿಗೆಯ ಪ್ರಯಾರಿಟಿಯನ್ನೂ ೩೨೭೬೮ ಮಾಡಿದೆ. ಯಂತ್ರಗಳು ತಮ್ಮೊಳಗೆ ಮಾತಾಡಿಕೊಂಡು ಶವಾಗಾರದ ಪೆಟ್ಟಿಗೆಯನ್ನು ಯಜಮಾನ ಎಂದು ಆರಿಸಿದವು. ಮುಚ್ಚಿದ್ದ ಹಿಂಬದಿಯ ದಾರಿ ತೆರೆಯಿತು, ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವಿನ ಒಳ್ಳೆಯ ದಾರಿ ಮುಚ್ಚಿಕೊಂಡಿತು. ಅಂದಿನಿಂದ ಮುಂಡರಗಿ ಕಟ್ಟಡದಲ್ಲಿ ತೆಗೆದ ರೋಗಿಯ ಸ್ಕ್ಯಾನು ಮೊದಲು ಶವಾಗಾರಕ್ಕೆ ಹೋಗಿ, ಅಲ್ಲಿಂದ ಡಾಕ್ಟರ ಕಡೆಗೆ ಬರತೊಡಗಿತು. ಸಾಯುವ ಮೊದಲೇ ಎಲ್ಲರಿಗೂ ಒಂದು ಸುತ್ತು.

ಶವಾಗಾರ ನೋಡಿಕೊಳ್ಳುವ ಹೊಳೆಯಪ್ಪ ಮರುದಿನ ನನ್ನನ್ನು ಹುಡುಕಿಕೊಂಡು ಬಂದ. ಇಷ್ಟು ದಿನ ಸುಮ್ಮನೆ ಇದ್ದ ಡಬ್ಬಿ ಈಗ ದೀಪ ಮಿಣಮಿಣ ಮಾಡುತ್ತ ಬಿಸಿಯಾಗಿ ಕೂತಿದೆ, ಒಳಗೆ ಮಲಗಿದವರು ಯಾರಾದರೂ ಫೋನ್ ಹಚ್ಚಿದ್ದಾರೋ ಏನೋ ನೋಡು ಬಾ ಎಂದು ಕರೆದ. ನಾನು ನಗಲಿಲ್ಲ. ನೇರವಾಗಿ ಸುಭಾಷ ಸಾಹೇಬರ ಕೋಣೆಗೆ ಹೋಗಿ, ನಿಮ್ಮ ಯಜಮಾನ ಶವಾಗಾರದಲ್ಲಿ ಕೂತಿದ್ದಾನೆ ಎಂದು ಹೇಳಿದೆ. ಅವರ ಮುಖ ಬಿಳಿಚಿತು. ಟ್ರಸ್ಟಿಗಳಿಗೆ ಸದ್ಯ ಹೇಳುವುದು ಬೇಡ, ಅಪಶಕುನ ಎಂದಾರು, ಚಿತ್ರ ಬರುತ್ತಾ ಇದೆಯಲ್ಲ ಎಂದರು. ಬರುತ್ತಿತ್ತು, ನಿಜ. ಎತ್ತಿನ ಗಾಡಿಯಲ್ಲಿ ಬಂದ ಹಾಗೆ ಬರುತ್ತಿತ್ತು. ರೋಜಾ ಮೇಡಂ ಎರಡು ಸಲ ದೂರು ಬರೆದು ಕಳಿಸಿದರು. ಸಮಾರಂಭ ಮುಗಿಯಲಿ, ಆಮೇಲೆ ನೋಡೋಣ ಎಂದು ಸಾಹೇಬರು ಇಬ್ಬರಿಗೂ ಸಮಾಧಾನ ಹೇಳಿದರು.

ಸಮಾರಂಭ ಯಾವುದೆಂದರೆ, ನಾಲ್ಕೂ ಊರಿನ ನಡುವೆ ಸಮಾನತೆ ಏರ್ಪಟ್ಟದ್ದಕ್ಕೆ ಏರ್ಪಾಡಾದ ಸಮಾರಂಭ. ಅಂಗಳದಲ್ಲಿ ರಸೂಲಬಿಯ ಅಂಗಡಿಯ ಪಕ್ಕದಲ್ಲೇ ಪೆಂಡಾಲು ಹಾಕಿದರು. ಒಂದೇ ಅಳತೆಯ ನಾಲ್ಕು ಕುರ್ಚಿ, ನಾಲ್ಕು ಬತ್ತಿಯ ದೀಪ, ನಾಲ್ಕು ಮೈಕು. ವಾರ್ಡುಗಳಲ್ಲಿ ಮಲಗಿದ ರೋಗಿಗಳೂ ನೋಡಿ ಧನ್ಯರಾಗಲಿ ಎಂದು ಎಲ್ಲ ಕಟ್ಟಡಗಳ ಟಿವಿಗಳಲ್ಲಿ ನೇರಪ್ರಸಾರ ಆಗಬೇಕೆಂದು ಅಪ್ಪಣೆಯಾಯಿತು. ಆ ಪ್ರಸಾರವೂ ಅದೇ ತಂತಿಯಲ್ಲಿ, ಅದೇ ಶವಾಗಾರದ ಡಬ್ಬಿಯನ್ನು ಹಾದು ಹೋಗಬೇಕು. ಆ ಡಬ್ಬಿ ಇಷ್ಟು ಭಾರ ಹೊರುವುದಿಲ್ಲ, ಆ ಹೊತ್ತಿಗೆ ಯಾರಿಗಾದರೂ ಸ್ಕ್ಯಾನ್ ಬೇಕಾದರೆ ಏನು ಗತಿ ಎಂದು ಸಾಹೇಬರನ್ನು ಕೇಳಿದೆ. ಸ್ವಲ್ಪ ಹೊತ್ತಿನ ಮಾತು, ಅಷ್ಟರಲ್ಲಿ ಯಾರಿಗೆ ಏನಾಗುತ್ತದೆ ಎಂದು ಅವರು ನನ್ನನ್ನೇ ಕೇಳಿದರು.

ರಸೂಲಬಿಗೆ ಆಯಿತು.

ಬೆಳಗಿನಿಂದ ಅವಳು ಅತಿಥಿಗಳಿಗೆ ಚಹಾ ಮಾಡುತ್ತಿದ್ದಳು. ಲಕ್ಷ್ಮೇಶ್ವರದವರ ಭಾಷಣ ಮುಗಿದು ಶಿರಹಟ್ಟಿಯವರದು ನಡೆಯುತ್ತಿತ್ತು. ನಾನು ಅಂಗಡಿಯ ಹತ್ತಿರ ನಿಂತಿದ್ದೆ. ಅವಳ ಕೈಯಿಂದ ಕೆಟಲು ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಅವಳು ನೋಡಲೂ ಇಲ್ಲ, ನನ್ನನ್ನು ನೋಡಿದಳು. ಬಾಯಿಯ ಒಂದು ಬದಿ ಇಳಿದಿತ್ತು. ಏನೋ ಹೇಳಲು ಹೋದಳು, ಮಾತು ಆಗಲಿಲ್ಲ. ಅಮ್ಮನಿಗೆ ಹೀಗಾಗಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ, ಯಾಕೆಂದರೆ ನಡುವಿನ ತಂತಿಯ ಸ್ಥಿತಿ ಏನೆಂದು ನನಗೆ ಗೊತ್ತಿತ್ತು.

ಸ್ಟ್ರೆಚರಿನಲ್ಲಿ ಮಲಗಿಸಿ ಮುಂಡರಗಿ ಕಟ್ಟಡಕ್ಕೆ ಒಯ್ದೆವು. ಸ್ಕ್ಯಾನ್ ತೆಗೆಯುವ ಖಲೀಲ ಒಂದು ಕ್ಷಣವನ್ನೂ ಹಾಳುಮಾಡಲಿಲ್ಲ. ಯಂತ್ರ ಸುತ್ತಿತು, ಚಿತ್ರ ಮೂಡಿತು, ಅವನು ಕಳಿಸುವ ಗುಂಡಿ ಒತ್ತಿದ. ನಾನು ಗದಗ ಕಟ್ಟಡಕ್ಕೆ ಓಡಿದೆ. ರೋಜಾ ಮೇಡಂ ಇಂಜೆಕ್ಷನ್ ಸಿದ್ಧ ಮಾಡಿಕೊಂಡು ಪರದೆಯ ಮುಂದೆ ಕುಳಿತಿದ್ದರು. ತಲೆಯ ಚಿತ್ರ ಹಾಳೆ ಹಾಳೆಯಾಗಿ ಬರಬೇಕು. ಮೊದಲ ಕೆಲವು ಹಾಳೆ ಬಂದವು, ನಿಂತವು. ಇನ್ನೊಂದು ಬಂತು, ಮತ್ತೆ ನಿಂತಿತು. ಪಕ್ಕದ ಗೋಡೆಯ ಟಿವಿಯಲ್ಲಿ ಶಿರಹಟ್ಟಿಯವರು ತಡೆತಡೆದು ಸಮಾನತೆಯ ಬಗ್ಗೆ ಮಾತಾಡುತ್ತಿದ್ದರು. ಡಾಕ್ಟರು ಫೋನಿನಲ್ಲಿ ಖಲೀಲನನ್ನು ಕೇಳಿದರು, ಅವನು ಹೋಗಾಕ ಹತ್ತೈತ್ರಿ ಅಂದ. ನರ್ಸು ಪರದೆ ನೋಡಿ ಬರಾಕ ಹತ್ತೈತ್ರಿ ಅಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹೋಗುತ್ತಿತ್ತು, ಬರುತ್ತಿತ್ತು, ನಡುವೆ ಶವಾಗಾರದಲ್ಲಿ ಸಾಲು ಹಚ್ಚಿ ನಿಂತಿತ್ತು.

ಸುಭಾಷ ಸಾಹೇಬರಿಗೆ ಫೋನ್ ಮಾಡಿ ನೇರಪ್ರಸಾರ ನಿಲ್ಲಿಸಿ ಎಂದೆ. ರಸೂಲಬಿ ಎಂದೆ, ಲಕ್ವಾ ಎಂದೆ. ಅವರು ಪಿಸುದನಿಯಲ್ಲಿ ಮಾತಾಡಿದರು.

“ಈಗಷ್ಟ ಮುಂಡರಗಿಯವ್ರು ಎದ್ದು ನಿಂತಾರವಾ. ಇಬ್ಬರದು ಬಂದು ಇವರದಷ್ಟ ನಿಂತರ ಏನ ತಿಳಕೋತಾರ? ಇವರದೊಂದು ಮುಗೀಲಿ.”

ನಾನು ಏನು ಬೈದೆನೋ ನನಗೆ ನೆನಪಿಲ್ಲ, ಅವರು ಮರೆತಿಲ್ಲ. ಪಕ್ಕದ ಕೋಣೆಗೆ ಹೋಗಿ ಕಪ್ಪು ಪರದೆ ತೆರೆದೆ. ಮೊದಲ ಸಲ ಬರೆದದ್ದು ತಪ್ಪಿತು, ಯಂತ್ರ ಒಪ್ಪಲಿಲ್ಲ. ಎರಡನೆಯ ಸಲ ಗದಗಿನ ಬ್ರಿಡ್ಜಿನ ಪ್ರಯಾರಿಟಿ ೪೦೯೬ ಎಂದು ಬರೆದು ಒತ್ತಿದೆ. ಯಂತ್ರಗಳು ಹೊಸದಾಗಿ ಯಜಮಾನನನ್ನು ಆರಿಸಿಕೊಳ್ಳುವಾಗ ಎಲ್ಲ ದಾರಿಗಳೂ ಸ್ವಲ್ಪ ಹೊತ್ತು ಸ್ತಬ್ಧವಾಗುತ್ತವೆ. ಆಮೇಲೆ ತಲೆಯ ಚಿತ್ರದ ಉಳಿದ ಹಾಳೆಗಳೆಲ್ಲ ಒಮ್ಮೆಲೇ ಡಾಕ್ಟರ ಪರದೆಯ ಮೇಲೆ ಬಂದು ಬಿದ್ದವು.

ಪರದೆಯ ಮುಂದೆ ಡಾಕ್ಟರು ಇರಲಿಲ್ಲ.

ಕಾದು ಕಾದು ಸಾಕಾಗಿ ರೋಜಾ ಮೇಡಂ ಇಂಜೆಕ್ಷನ್ ಕೈಯಲ್ಲಿ ಹಿಡಿದು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಅಂಗಳದಲ್ಲಿ ವೇದಿಕೆಯ ಮುಂದಿನಿಂದಲೇ ಓಡಿ ಮುಂಡರಗಿ ಕಟ್ಟಡ ಸೇರಿದ್ದರು. ಖಲೀಲನ ಪರದೆಯಲ್ಲೇ ಚಿತ್ರ ನೋಡಿದರು, ರಕ್ತ ಕಟ್ಟಿತ್ತು, ಅಲ್ಲಿಯೇ ಸೂಜಿ ಚುಚ್ಚಿದರು. ನನ್ನ ಆಜ್ಞೆಗಿಂತ ಅವರ ಚಪ್ಪಲಿ ಮುಂದಿತ್ತು. ತಮ್ಮ ಭಾಷಣದ ನಡುವೆ ಡಾಕ್ಟರು ಅಡ್ಡ ಓಡಿದ್ದಕ್ಕೆ ಮುಂಡರಗಿಯವರು ಬೇಸರ ಮಾಡಿಕೊಂಡರೆಂದು ಆಮೇಲೆ ತಿಳಿಯಿತು.

ರಸೂಲಬಿಯ ಜೀವ ಉಳಿಯಿತು. ಕಾಲು ಸರಿಹೋಯಿತು, ಮಾತು ನಿಧಾನವಾಗಿ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಇನ್ನೂ ಮೊದಲೇ ಇಂಜೆಕ್ಷನ್ ಬಿದ್ದಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, ಉಳಿಯುವ ಸಾಧ್ಯತೆ ಬಹಳ ಇತ್ತು ಎಂದರು. ಆ ದಿನ ನಾನು ಬೇವಿನ ಮರದ ಕೆಳಗೆ ಮುಚ್ಚಿದ ಅಂಗಡಿಯ ಮುಂದೆ ಕುಳಿತು ಅತ್ತೆ. ಸಿಟ್ಟಿನವರಿಗೆ ಅಳು ಬಂದರೆ ಬೇಗ ನಿಲ್ಲುವುದಿಲ್ಲ.

ಒಂದು ವಾರದ ಮೇಲೆ ಟ್ರಸ್ಟಿನ ಸಭೆಗೆ ನನ್ನನ್ನು ಕರೆಸಿದರು. ಠರಾವು ಮೀರಿ ಗದಗಿಗೆ ಮತ್ತೆ ಸಣ್ಣ ಸಂಖ್ಯೆ ಕೊಟ್ಟವರು ಯಾರು ಎಂಬುದು ಸಭೆಯ ವಿಷಯ. ನಾನೇ ಎಂದೆ. ಯಾಕೆ ಎಂದೂ ಹೇಳಿದೆ. ಇಷ್ಟು ದಿನ ನಾಲ್ಕೂ ಕಟ್ಟಡಗಳಿಗೆ ಯಜಮಾನನಾಗಿದ್ದದ್ದು ಶವಾಗಾರದ ಡಬ್ಬಿ, ರೋಗಿಗಳ ಚಿತ್ರವೆಲ್ಲ ಹೆಣಗಳ ಕೋಣೆ ಹಾದು ಬರುತ್ತಿತ್ತು, ನಿಮ್ಮ ಭಾಷಣಗಳೂ ಅಲ್ಲಿಂದಲೇ ಹಾದು ಬಂದವು, ಆ ನೂಕುನುಗ್ಗಲಿನಲ್ಲಿ ಒಬ್ಬಳ ಕೈ ಹೋಯಿತು ಎಂದು ಬಿಡಿಸಿ ಬಿಡಿಸಿ ಹೇಳಿದೆ.

ನಾಲ್ವರೂ ತಲೆ ತಗ್ಗಿಸಿದರು. ನಾಚಿಕೊಂಡರು ಎಂದುಕೊಂಡೆ. ಅವರನ್ನು ಅಷ್ಟು ದಿನ ನೋಡಿಯೂ ಹಾಗೆಂದುಕೊಂಡೆ. ಮುಂಡರಗಿಯವರು ಗಂಟಲು ಸರಿಮಾಡಿಕೊಂಡರು.

“ಆ ಡಬ್ಬಿ ಕೆಳಗ ನಾವು ನಾಲ್ಕೂ ಮಂದಿ ಸಮ ಇದ್ದಿವಿಲ್ಲ?”

“ಇದ್ದಿರಿ,” ಎಂದೆ.

“ಮತ್ತ ತಕರಾರು ಏನೈತಿ? ಮೊದ್ಲಿನಂಗ ಮಾಡಿಬಿಡು.”

ಉಳಿದ ಇಬ್ಬರು ತಲೆಯಾಡಿಸಿದರು. ಗದಗದವರು ಸ್ವಲ್ಪ ತಡವಾಗಿ ಆಡಿಸಿದರು. ನಾನು ಮಾಡುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಹೊರಗೆ ಸುಭಾಷ ಸಾಹೇಬರು ಹಿಂದೆಯೇ ಓಡಿ ಬಂದು ನನ್ನನ್ನು ನಿಲ್ಲಿಸಿದರು. ಕೆಲಸ ಬಿಡಬೇಡ, ಒಳಗೆ ಏನಿದೆಯೋ ಹಾಗೇ ಇರಲಿ, ನಾಲ್ಕೂ ಪೆಟ್ಟಿಗೆಗಳ ಮೇಲೆ ೩೨೭೬೮ ಎಂದು ಸ್ಟಿಕರ್ ಮಾಡಿಸಿ ಅಂಟಿಸಿಬಿಡು, ಅವರೇನು ಒಳಗೆ ಇಣುಕಿ ನೋಡುತ್ತಾರೆಯೇ ಎಂದರು.

ಅವರ ಉಪಾಯ ಸರಿಯಾಗಿತ್ತು. ಇಷ್ಟು ಸರಿಯಾದ ಉಪಾಯ ನಿಮಗೆ ಮೊದಲೇ ಯಾಕೆ ಹೊಳೆಯಲಿಲ್ಲ ಸಾಹೇಬರೇ ಎಂದು ಕೇಳಿದೆ. ನನಗೂ ಹೊಳೆದಿರಲಿಲ್ಲ ಎಂಬುದು ನನ್ನನ್ನು ಇನ್ನೂ ಹೆಚ್ಚು ಸುಟ್ಟಿತು. ಸ್ಟಿಕರುಗಳನ್ನು ನಾನೇ ಅಂಟಿಸಿದೆ. ನಾಲ್ವರೂ ಬಂದು ನೋಡಿ, ಒಂದೇ ಎತ್ತರದಲ್ಲಿ ಅಂಟಿಸಿದ್ದೇನೆಯೇ ಎಂದು ಪರೀಕ್ಷಿಸಿ ಹೋದರು.

ಊರಲ್ಲಿ ಮಾತು ಹಬ್ಬುವ ಮೊದಲೇ ಟ್ರಸ್ಟಿನವರು ರಸೂಲಬಿಗೆ ಸನ್ಮಾನ ಇಟ್ಟುಕೊಂಡರು. ನಮ್ಮ ಆಸ್ಪತ್ರೆಯಲ್ಲಿ ಲಕ್ವಾದಿಂದ ಬದುಕಿ ಎದ್ದವಳು ಎಂದು ಬ್ಯಾನರು ಬರೆಸಿದರು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಶಾಲಿನ ಒಂದೊಂದು ಮೂಲೆಯನ್ನು ಒಬ್ಬೊಬ್ಬರು ಹಿಡಿದು ಹೊದಿಸಿದರು. ಅವಳ ಮುಖಕ್ಕೂ ಶಾಲು ಬಿತ್ತು, ನಾನು ಹೋಗಿ ಸರಿಮಾಡಿದೆ. ಪತ್ರಿಕೆಗೆ ಕಳಿಸಲು ಫೋಟೋ ಬೇಕಿತ್ತು. ಎರಡೂ ಕೈ ಮುಗಿಯಿರಿ ಅಮ್ಮಾ ಎಂದು ಫೋಟೋದವನು ಹೇಳಿದ. ಎಡಗೈ ಎದೆಯ ಹತ್ತಿರ ಬಂತು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಅವನಿಗೆ ತಿಳಿಯಲಿಲ್ಲ, ಎರಡೂ ಕೈ ಎಂದು ಇನ್ನೊಮ್ಮೆ ಹೇಳಿದ.

ಲಕ್ಷ್ಮೇಶ್ವರದವರು ಬಾಗಿ ಆ ಬಲಗೈಯನ್ನು ತಾವೇ ಎತ್ತಿ ಹಿಡಿದರು. ಫೋಟೋದಲ್ಲಿ ಅವರೊಬ್ಬರೇ ಹಿಡಿದ ಹಾಗೆ ಬಂದೀತೆಂದು ಶಿರಹಟ್ಟಿಯವರು ಮಣಿಕಟ್ಟು ಹಿಡಿದರು. ಮುಂಡರಗಿಯವರು ಮೊಣಕೈಗೆ ಕೈ ಹಾಕಿದರು. ಜಾಗ ಸಿಗದ ಗದಗದವರು ಬೆರಳುಗಳನ್ನು ಹಿಡಿದುಕೊಂಡರು. ನಾಲ್ವರ ನಡುವೆ ಆ ಕೈ ಅತ್ತಿತ್ತ ತೂಗಿತು. ರಸೂಲಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಯಿ ಇನ್ನೂ ಸ್ವಲ್ಪ ಓರೆಯಾಗಿತ್ತು, ಮಾತು ಮೆಲ್ಲಗೆ ಬಂತು.

“ಯಾರರ ಒಬ್ರು ಹಿಡಿದ್ರ ಸಾಕ್ರಿ,” ಎಂದಳು.

ನಾಲ್ವರಲ್ಲಿ ಒಬ್ಬರೂ ಬಿಡಲಿಲ್ಲ.